ಒಂದರಿಂದ ಆರಕ್ಕೇರಿ ಇಳಿಯುವ ಸಂಖ್ಯೆ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಅಕ್ಕಲಕೋಟ ಸೀಮೆಯ ಈ ಶಾಲೆಗೆ ಮಕ್ಕಳನ್ನು ಸೇರಿಸಲು ಬರುವ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: "ಉಳಿದದ್ದೆಲ್ಲಾ ಸರಿ, ಗಣಿತ ಕನ್ನಡದಾಗ ಆಗ್ತದೇನ್ರಿ ಅಕ್ಕೋರ?" ಈ ಪ್ರಶ್ನೆಗೆ ಅಭಿಮಾನದ ಮಾತುಗಳಿಂದ ಉತ್ತರಿಸಲಾರೆವು. ಒಂದು ಸಂಖ್ಯೆಯನ್ನು ಮುಂದಿಟ್ಟು ಉತ್ತರಿಸಲು ಯತ್ನಿಸುತ್ತೇವೆ.

ಆ ಸಂಖ್ಯೆ 12345654321. ಅಂದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಇದು ಒಂದೇ.

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನನ್ನು ಸ್ತುತಿಸಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು 27994681ನ್ನು 441ರಿಂದ ಗುಣಿಸಿ ಈ ಸಂಖ್ಯೆಯನ್ನು ಪಡೆಯುತ್ತಾನೆ. ಇಂತಹ ಕೆಲವು ಗುಣಲಬ್ಧಗಳನ್ನು ಆತ ಕಂಠಾಭರಣಕ್ಕೆ ಹೋಲಿಸುತ್ತಾನೆ. ಆ ಗ್ರಂಥವು 1963ರಲ್ಲಿ ಹಿಂದೀ ಅನುವಾದದೊಡನೆ ಪ್ರಕಟವಾದುದು ನಮ್ಮ ಸೊಲ್ಲಾಪುರದಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು.

ಈಗ ಸಂಖ್ಯೆಯನ್ನು ಬಿಡಿಸಿ ನೋಡೋಣ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ನ್ನು ಗುಣಿಸಿದರೆ 111111. ಆದುದರಿಂದ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ ಬರುವುದರಿಂದ, ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243.

ಹಾರದ ಆಕಾರ ಬಂದುದೆಲ್ಲಿಂದ? 111111ನ್ನು ಅದರಿಂದಲೇ ಗುಣಿಸುವಾಗ ಒಂದುಗಳ ಆರು ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆಯುತ್ತೇವೆ. ತುದಿಯಲ್ಲಿ ಒಂದು, ನಡುವೆ ಆರು, ಮತ್ತೆ ಒಂದು. ಕೂಡಿದರೆ ಅದೇ ಏರಿಳಿತ. ಒಂಬತ್ತು ಒಂದುಗಳವರೆಗೆ ಈ ಕ್ರಮ ನಿಲ್ಲುತ್ತದೆ. ಹತ್ತು ಒಂದುಗಳ ವರ್ಗ ಮಾತ್ರ 1234567900987654321. ನಡುವಣ ಸ್ಥಾನದಲ್ಲಿ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ದಾಟಿ, ಹಾರ ಹರಿಯುತ್ತದೆ.

ಹಾರವನ್ನು ಕಂಡು ಮೆಚ್ಚುವುದು ಸುಲಭ. ಅದು ಏಕೆ ಹರಿಯಿತೆಂದು ಕೇಳುವ ಮಗುವೇ ಗಣಿತವನ್ನು ಕಲಿಯುತ್ತಿರುವ ಮಗು. ಆ 'ಏಕೆ' ಮನೆಯ ಮಾತಿನಲ್ಲಿ ಸಂಕೋಚವಿಲ್ಲದೆ ಹೊರಡುತ್ತದೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ಬರೆದನು. ನಮ್ಮ ನುಡಿಗೆ ಲೆಕ್ಕ ಹೊಸದಲ್ಲ. ಮುಂದೆ ನಮ್ಮ ಮಕ್ಕಳು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಓದುವರು, ಓದಲೇಬೇಕು. ಇಲ್ಲಿ ಅರಿತ ಕಾರಣ ಅಲ್ಲಿಯೂ ಅವರ ಕೈಬಿಡದು.

ಪಾಲಕ ಬಂಧುಗಳೇ, ಇಂದು ಮನೆಯಲ್ಲಿ ಮಗುವಿನ ಕೈಗೆ ಪಾಟಿ ಕೊಟ್ಟು, ಏಳು ಒಂದುಗಳ ವರ್ಗವನ್ನು ಮಾಡಿಸಿರಿ. ಉತ್ತರದ ಜೊತೆಗೆ ಕಾರಣವನ್ನೂ ಕೇಳಿರಿ. ತಮ್ಮ ಪ್ರಶ್ನೆಗೆ ಉತ್ತರ ಮಗುವಿನಿಂದಲೇ ದೊರೆಯುವುದು.