ಲೆಕ್ಕಕ್ಕೆ ಬಾರದ ಮಕ್ಕಳು

ಆಟಿಸಂ ಎಂದರೆ ಓದಿದವರ, ಉಳ್ಳವರ ಮನೆಯ ಮಕ್ಕಳ ತೊಂದರೆ ಎಂಬ ನಂಬಿಕೆ ಬಹಳ ಕಾಲ ವೈದ್ಯರಲ್ಲೇ ಇತ್ತು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಇದ್ದ ಹನ್ನೊಂದು ಮಕ್ಕಳ ಬಗ್ಗೆ ಬರೆದರು; ಆ ಮಕ್ಕಳ ತಂದೆತಾಯಿಯರು ಬಹುಪಾಲು ಚೆನ್ನಾಗಿ ಓದಿಕೊಂಡವರು. ತಜ್ಞರನ್ನು ಹುಡುಕಿಕೊಂಡು ಬರುವ ತಾಕತ್ತು ಇದ್ದದ್ದೂ ಅಂಥವರಿಗೇ ತಾನೆ? ಲಂಡನ್ನಿನ ಮನೋವೈದ್ಯೆ ಲಾರ್ನಾ ವಿಂಗ್ 1980ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸುವುದನ್ನು ಬಿಟ್ಟು ಒಂದು ಪ್ರದೇಶದ ಮಕ್ಕಳನ್ನೆಲ್ಲ ನೋಡಿದಾಗ ಬಡವ-ಬಲ್ಲಿದ ವ್ಯತ್ಯಾಸ ಕಾಣಲಿಲ್ಲ.

ಆದರೂ ಅನ್ಯಾಯ ನಿಲ್ಲಲಿಲ್ಲ. ಅಮೆರಿಕದಲ್ಲಿ ಬಡವರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇಡ್‌ನಲ್ಲಿದ್ದ ಫಿಲಡೆಲ್ಫಿಯಾದ ಮಕ್ಕಳನ್ನು ಸಂಶೋಧಕ ಡೇವಿಡ್ ಮ್ಯಾಂಡೆಲ್ ಮತ್ತು ಸಂಗಡಿಗರು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟರು. ಆಟಿಸಂ ಗೊತ್ತಾಗುವ ಹೊತ್ತಿಗೆ ಬಿಳಿಯ ಮಕ್ಕಳ ಸರಾಸರಿ ವಯಸ್ಸು 6.3, ಕಪ್ಪು ಮಕ್ಕಳದು 7.9. ವಿಮೆ ಒಂದೇ, ಊರೂ ಒಂದೇ!

ಗುರುತಿಸಿದರಷ್ಟೇ ಸಾಲದು, ನೆರವೂ ಎಲ್ಲರಿಗೆ ತಲುಪಬೇಕು. ಇಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಕಾನಿ ಕಸಾರಿ ಅವರ ವಿಚಾರ. ಇವರು ವೈದ್ಯರಲ್ಲ, ಶಿಕ್ಷಣ ಸಂಶೋಧಕಿ. 1990ರಿಂದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿ. ಆಟಿಸಂ ಇರುವ ಮಕ್ಕಳಿಗಾಗಿ ಅವರು ರೂಪಿಸಿದ 'ಜಾಸ್ಪರ್' ವಿಧಾನ ನೋಡಲು ಬರೀ ಆಟ. ಮಗು ನೆಲದ ಮೇಲೆ ಮರದ ತುಂಡುಗಳನ್ನು ಪೇರಿಸುತ್ತಿದೆ. ದೊಡ್ಡವರು ಎದುರಿಗೆ ಕೂತು ತಾವೂ ಒಂದು ಪೇರಿಸುತ್ತಾರೆ, ಆಮೇಲೆ ಸುಮ್ಮನೆ ಕಾಯುತ್ತಾರೆ. ಮಗು ಒಮ್ಮೆ ತುಂಡನ್ನೂ ಒಮ್ಮೆ ಎದುರಿನ ಮುಖವನ್ನೂ ನೋಡಿತೋ, ಅವತ್ತಿನ ಪಾಠ ಆಯಿತು. ಒಂದೇ ವಸ್ತುವಿನ ಮೇಲೆ ಇಬ್ಬರ ಗಮನ ಕೂಡುವುದು ಮಾತು ಕಲಿಯಲು ಬುನಾದಿ ಎನ್ನುವುದು ಅವರ ವಾದ. ಇದನ್ನು ಕಲಿತ ಮಕ್ಕಳ ಭಾಷೆ ಮುಂದೆ ಸುಧಾರಿಸಿದ್ದನ್ನು 2008ರಲ್ಲಿ ತೋರಿಸಿಯೂ ಕೊಟ್ಟರು.

ಆದರೆ ವಿಶ್ವವಿದ್ಯಾಲಯದ ಕೋಣೆಯ ತನಕ ಬರಲು ರಜೆ, ಬಸ್ ಚಾರ್ಜು, ಪುರುಸೊತ್ತು ಎಲ್ಲವೂ ಬೇಕು. ಹಾಗಾಗಿ ಕಸಾರಿ ಬೇರೆ ವಿಶ್ವವಿದ್ಯಾಲಯಗಳವರನ್ನೂ ಜೊತೆಗೂಡಿಸಿಕೊಂಡು ಐದು ಕಡೆ 112 ಬಡ ಕುಟುಂಬಗಳೊಂದಿಗೆ ಪ್ರಯೋಗ ನಡೆಸಿದರು. 2014ರಲ್ಲಿ ಅದು ಪ್ರಕಟವಾಯಿತು. ಕೆಲವು ಪೋಷಕರಿಗೆ ಗುಂಪಿನಲ್ಲಿ ತಿಳಿವಳಿಕೆ ಕೊಟ್ಟರು, ಉಳಿದವರಿಗೆ ಒಬ್ಬೊಬ್ಬರಿಗೇ, ಮಗುವಿನ ಜೊತೆ ಆಡಿಸುತ್ತಲೇ ಕಲಿಸಿದರು. ಮೂರು ತಿಂಗಳಲ್ಲಿ ಎರಡೂ ಕಡೆಯ ಮಕ್ಕಳು ಸುಧಾರಿಸಿದರು, ಆಡಿಸುತ್ತಾ ಕಲಿತವರ ಮಕ್ಕಳು ಹೆಚ್ಚು. ಗುಂಪಿನ ಪಾಠಕ್ಕೆ ಖರ್ಚು ಕಡಿಮೆ, ಹಣ ಕೊಡುವವರಿಗೆ ಅದೇ ಇಷ್ಟವಾಗುತ್ತದೆ, ಬಿಡಿ. ನನಗೆ ದೊಡ್ಡದಾಗಿ ಕಾಣುವುದು ಬೇರೆ: ಬಡ ತಾಯಂದಿರಿಂದ ಇದೆಲ್ಲ ಆಗದು ಎನ್ನುವವರಿಗೆ ಅಂಕಿಅಂಶದಲ್ಲೇ ಉತ್ತರ ಸಿಕ್ಕಿತು.

ಎಣಿಕೆಯೂ ಬದಲಾಗಿದೆ. 2020ರಲ್ಲಿ ಎಂಟು ವರ್ಷವಾಗಿದ್ದ ಅಮೆರಿಕದ ಮಕ್ಕಳ ಲೆಕ್ಕ 2023ರಲ್ಲಿ ಹೊರಬಂದಾಗ, ಆಟಿಸಂ ಗುರುತಿಸಲಾದ ಪ್ರಮಾಣ ಬಿಳಿಯರಿಗಿಂತ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಲ್ಲಿ ಹೆಚ್ಚಿತ್ತು. ಅಲ್ಲಿನ ಎಣಿಕೆಯಲ್ಲಿ ಹೀಗಾದದ್ದು ಅದೇ ಮೊದಲು.