ಏಳಡಿ ಆಟಗಾರ ಗೆರೆಯಾಚೆ ಯಾಕೆ ಬಂದು ನಿಂತ?

ಇವತ್ತಿನ ಮಾತು ಎನ್‌ಬಿಎ ಬಗ್ಗೆ, ಅದರಲ್ಲೂ ಅಲ್ಲಿನ ಎತ್ತರದ ಆಟಗಾರರ ಬಗ್ಗೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಉದ್ದ ಇದ್ದವನೇ ರಾಜ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ತುಂಬಾ ವರ್ಷ ಅದು ನಿಜವೇ ಆಗಿತ್ತು. ಜಾರ್ಜ್ ಮೈಕನ್ ಬುಟ್ಟಿ ಹತ್ತಿರ ನಿಂತುಬಿಟ್ರೆ ಯಾರಿಗೂ ತಡೆಯೋಕೆ ಆಗ್ತಿರಲಿಲ್ಲ. ಅದಕ್ಕೇ 1951ರಲ್ಲಿ, ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನೋ ಜಾಗದ ಅಗಲವನ್ನ 6 ಅಡಿಯಿಂದ 12 ಅಡಿಗೆ ಏರಿಸಿದ್ರು. ವಿಲ್ಟ್ ಚೇಂಬರ್ಲೇನ್ ಬಂದ ಮೇಲೆ ಅದೂ ಸಾಲದೆ 16 ಅಡಿ ಮಾಡಿದ್ರು. ಆದ್ರೂ ದೊಡ್ಡವರ ಆಳ್ವಿಕೆ ಮುಗೀಲಿಲ್ಲ.

ಮುಗಿಸಿದ್ದು ನೆಲದ ಮೇಲಿನ ಒಂದು ಗೆರೆ. 1979ರಲ್ಲಿ ಎನ್‌ಬಿಎಗೆ ಮೂರು ಪಾಯಿಂಟ್ ಗೆರೆ ಬಂತು. ತಮಾಷೆ ಏನಪ್ಪಾ ಅಂದ್ರೆ, ಅದನ್ನ ಯಾರೂ ಗಂಭೀರವಾಗಿ ತಗೊಳ್ಳಲೇ ಇಲ್ಲ. ಆ ಸೀಸನ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ಮೂರು ಸಲ ಕೂಡ ಅಲ್ಲಿಂದ ಎಸೀತಿರಲಿಲ್ಲ. ಈಗ 35ಕ್ಕೂ ಹೆಚ್ಚು.

ಲೆಕ್ಕ ಅಂಗಡಿ ಲೆಕ್ಕದಷ್ಟು ಸರಳ. ಗೆರೆಯ ಒಳಗಿಂದ, ಸ್ವಲ್ಪ ದೂರದಿಂದ, ನೂರು ಎಸೆತದಲ್ಲಿ 40 ಬಿದ್ರೆ 80 ಪಾಯಿಂಟ್. ಎರಡು ಹೆಜ್ಜೆ ಹಿಂದೆ ಹೋಗಿ ಬರೀ 35 ಬಿದ್ರೂ 105. ಇಷ್ಟು ಅರ್ಥ ಆಗೋಕೆ ಕೋಚ್‌ಗಳಿಗೆ ಸುಮಾರು ಮೂವತ್ತು ವರ್ಷ ಬೇಕಾಯ್ತು! ನಡುವೆ ನಿಯಮಗಳೂ ನೆರವಾದವು. 2004ರಿಂದ, ಚೆಂಡು ಹಿಡಿದು ಬರುವವನನ್ನ ಕೈ ಇಟ್ಟು ತಡೆಯೋದನ್ನ ರೆಫರಿಗಳು ಕಟ್ಟುನಿಟ್ಟಾಗಿ ಫೌಲ್ ಅಂತ ಕರೆಯೋಕೆ ಶುರು ಮಾಡಿದ್ರು. ಚಿಕ್ಕ, ಚುರುಕು ಆಟಗಾರರಿಗೆ ದಾರಿ ತೆರೀತು. ಆಮೇಲೆ ಸ್ಟೆಫ್ ಕರಿ ಬಂದ. 2015-16ರ ಒಂದೇ ಸೀಸನ್‌ನಲ್ಲಿ 402 ಮೂರು ಪಾಯಿಂಟ್ ಬುಟ್ಟಿ. ಮೈಕಲ್ ಜೋರ್ಡನ್ ಇಡೀ ವೃತ್ತಿಜೀವನದಲ್ಲಿ ಹಾಕಿದ್ದು 581.

ಸರಿ, ಇದರಲ್ಲಿ ಏಳಡಿಯವರ ಗತಿ ಏನಾಯ್ತು? ಇಂಡಿಯಾನಾದ ರಾಯ್ ಹಿಬರ್ಟ್‌ನ ಕಥೆ ನೋಡಿ. ಏಳಡಿ ಎರಡಿಂಚು. 2014ರಲ್ಲಿ ಆಲ್‌ಸ್ಟಾರ್, ಬುಟ್ಟಿಗೆ ಕಾವಲು ಅಂದ್ರೆ ಅವನೇ. ಅದೇ ವರ್ಷದ ಪ್ಲೇಆಫ್‌ನಲ್ಲಿ ಎಂಟನೇ ಸ್ಥಾನದ ಅಟ್ಲಾಂಟಾ ಒಂದು ಉಪಾಯ ಮಾಡ್ತು. ತನ್ನ ಸೆಂಟರ್ ಪೆರೋ ಆಂಟಿಚ್‌ನನ್ನ ಗೆರೆಯಾಚೆ ನಿಲ್ಲಿಸ್ತು. ಹಿಬರ್ಟ್ ಹೊರಗೆ ಹೋದ್ರೆ ಬುಟ್ಟಿ ಖಾಲಿ, ಒಳಗೇ ನಿಂತ್ರೆ ಆಂಟಿಚ್ ಖಾಲಿ. ಇಂಡಿಯಾನಾ ಏಳು ಪಂದ್ಯ ಆಡಿ ಹೇಗೋ ಗೆದ್ದಿತು. ಆದ್ರೆ ಎಲ್ಲ ತಂಡಗಳೂ ಆ ಪಾಠ ಕಲಿತಿದ್ವು. 2017ರ ಹೊತ್ತಿಗೆ, ಮೂವತ್ತನೇ ವಯಸ್ಸಿಗೆ, ಹಿಬರ್ಟ್‌ನ ಎನ್‌ಬಿಎ ಆಟವೇ ಮುಗಿದಿತ್ತು. ಅವನ ಎತ್ತರ ಅಷ್ಟೇ ಇತ್ತು, ಅದರ ಬೆಲೆ ಮಾತ್ರ ಇಳಿದಿತ್ತು.

ಬ್ರೂಕ್ ಲೋಪೆಜ್ ಬೇರೆ ದಾರಿ ಹಿಡಿದ. ಅವನೂ ಹಳೇ ಕಾಲದ ಸೆಂಟರೇ. ಮೊದಲ ಎಂಟು ಸೀಸನ್‌ನಲ್ಲಿ ಒಟ್ಟು ಮೂರೇ ಮೂರು ತ್ರೀ. ಒಂಬತ್ತನೇ ಸೀಸನ್‌ನಲ್ಲಿ 134! ಇಪ್ಪತ್ತೆಂಟರ ವಯಸ್ಸಲ್ಲಿ ಹೊಸ ಕಸುಬು ಕಲಿತ ಮನುಷ್ಯ, 2021ರಲ್ಲಿ ಮಿಲ್ವಾಕೀ ಜೊತೆ ಚಾಂಪಿಯನ್ ಆದ.

ಈಗ ಎಲ್ಲರೂ ಒಂದೇ ಥರ ಆಡ್ತಾರೆ, ಬೋರು ಅಂತ ಹಳೇ ಅಭಿಮಾನಿಗಳು ಬೈತಾರೆ. ಅವರ ಮಾತಲ್ಲಿ ಅರ್ಧ ನಿಜ ಇದೆ. 2018ರಲ್ಲಿ ಹ್ಯೂಸ್ಟನ್, ಫೈನಲ್‌ಗೆ ಒಂದು ಮೆಟ್ಟಿಲು ಬಾಕಿ ಇದ್ದಾಗ, ಸಾಲಾಗಿ 27 ತ್ರೀ ಎಸೆದು ಒಂದನ್ನೂ ಹಾಕದೆ ಸೋತಿತು. ಅದನ್ನ ನೋಡೋದು ಹಿಂಸೆಯೇ. ಆದ್ರೆ ಡೆನ್ವರ್‌ನ ನಿಕೋಲಾ ಯೋಕಿಚ್‌ನನ್ನ ನೋಡಿ. ಭಾರಿ ದೇಹ, ನೆಗೆತ ಕಡಿಮೆ, ಆದ್ರೂ ಇಡೀ ತಂಡ ಅವನ ಪಾಸ್ ಸುತ್ತ ತಿರುಗುತ್ತೆ. ಒಳಗೆ ಜಾಗ ಖಾಲಿಯಾಗಿದ್ದಕ್ಕೇ ಅವನ ಆಟ ಇಷ್ಟು ಅರಳಿದ್ದು ಅಂತ ನನಗನ್ಸುತ್ತೆ.

ಮುಂದಿನ ಸಲ ಮೊಬೈಲಲ್ಲಿ ಹೈಲೈಟ್ಸ್ ನೋಡುವಾಗ ಚೆಂಡನ್ನ ಬಿಡಿ, ಎದುರಾಳಿ ಸೆಂಟರ್ ಎಲ್ಲಿ ನಿಂತಿದ್ದಾನೆ ಅಂತ ನೋಡಿ. ಸಿಗೋಣ.