ಶೇಂಗಾ ಗಿಡದಲ್ಲಿ ಪ್ರೋಟೀನು ಕಟ್ಟುವ ಬಗೆ ಮತ್ತು ಗಂಧಕದ ಪಾತ್ರ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಸಾರಿ ಭೂಮಿಯಲ್ಲಿ ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಕುಟುಂಬಗಳು ಬಹಳ. ಸಾಲ ಮಾಡಿ ಡಿ.ಎ.ಪಿ. ಹಾಕಿದರೂ ಎಳೆಯ ಎಲೆಗಳು ಬಿಳಿಚಿಕೊಂಡು, ಗಿಡ ಕಿತ್ತಾಗ ಜೊಳ್ಳುಕಾಯಿಯೇ ಹೆಚ್ಚಾಗಿ ಕಂಡರೆ ಮಳೆಯೊಂದನ್ನೇ ದೂರಬಾರದು. ಗಿಡದೊಳಗಿನ ಕೆಲಸವನ್ನೂ ಅರಿಯಬೇಕು.

ಶೇಂಗಾ ಬೀಜದಲ್ಲಿ ಸುಮಾರು ಶೇ. 25ರಷ್ಟು ಪ್ರೋಟೀನು ಇದೆ. ಅದನ್ನು ಕಟ್ಟುವ ವಿಧಾನ ಜೀವಕೋಶದ ಕೋಶಕೇಂದ್ರದಲ್ಲಿರುವ ಡಿ.ಎನ್.ಎ.ಯಲ್ಲಿ ಬರೆದಿರುತ್ತದೆ. ತಾಲ್ಲೂಕು ಕಚೇರಿಯ ಮೂಲ ದಾಖಲೆಯಂತೆ ಇದು ಹೊರಗೆ ಬರುವುದಿಲ್ಲ. ನಕಲು ಮಾತ್ರ ಬರುತ್ತದೆ. ಈ ನಕಲೇ ದೂತ ಆರ್.ಎನ್.ಎ. ಅದರಲ್ಲಿನ ಬೇಡದ ಭಾಗಗಳು ಕೋಶಕೇಂದ್ರದಲ್ಲಿಯೇ ಕತ್ತರಿಸಿ ಹೋಗುತ್ತವೆ. ಹೊರಗೆ ರೈಬೋಸೋಮ್ ಎಂಬ ಸೂಕ್ಷ್ಮ ಕಣವು ನಕಲನ್ನು ಮೂರು ಮೂರು ಅಕ್ಷರಗಳಂತೆ ಓದುತ್ತದೆ. ಆ ಅಕ್ಷರಗಳಿಗೆ ತಕ್ಕ ಅಮೈನೋ ಆಮ್ಲವನ್ನು ವಾಹಕ ಆರ್.ಎನ್.ಎ. ಹೊತ್ತು ತರುತ್ತದೆ. ಹೀಗೆ 20 ಬಗೆಯ ಅಮೈನೋ ಆಮ್ಲಗಳು ಮಣಿಸರದಂತೆ ಪೋಣಿಸಲ್ಪಟ್ಟು ಪ್ರೋಟೀನಾಗುತ್ತವೆ. ಈ ಅಕ್ಷರಗಳ ಅರ್ಥ ಬಿಡಿಸಿದ್ದಕ್ಕಾಗಿ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಅವರು 1968ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ಪಡೆದರು.

ರೈಬೋಸೋಮ್ ಈ ಸರವನ್ನು ಆರಂಭಿಸುವುದು ಮೆಥಿಯೋನಿನ್ ಎಂಬ ಮಣಿಯಿಂದ. ಮೆಥಿಯೋನಿನ್ ಮತ್ತು ಸಿಸ್ಟೀನ್ ಎಂಬ ಎರಡು ಅಮೈನೋ ಆಮ್ಲಗಳಿಗೆ ಗಂಧಕ ಬೇಕೇ ಬೇಕು. ಬೇರಿನ ಗಂಟುಗಳು ಎಷ್ಟೇ ಸಾರಜನಕ ಒದಗಿಸಿದರೂ ಗಂಧಕ ಸಾಲದಿದ್ದರೆ ಪೋಣಿಸುವ ಕೆಲಸ ಕುಂಠಿತವಾಗುತ್ತದೆ. ಸಾರಜನಕದ ಕೊರತೆ ಮೊದಲು ಹಳೆಯ ಎಲೆಗಳಲ್ಲಿ ಕಾಣುತ್ತದೆ. ಗಂಧಕದ ಕೊರತೆ ಎಳೆಯ ಎಲೆಗಳಲ್ಲಿ. ಈ ವ್ಯತ್ಯಾಸ ತಿಳಿಯದೆ ಯೂರಿಯಾ ಚೆಲ್ಲಿದರೆ ಹಣ ವ್ಯರ್ಥ.

ಡಿ.ಎ.ಪಿ.ಯಲ್ಲಿ ಗಂಧಕವಿಲ್ಲ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಶೇ. 11ರಷ್ಟಿದೆ. ಜಿಪ್ಸಂನಲ್ಲಿ ಗಂಧಕದ ಜೊತೆಗೆ ಸುಣ್ಣದ ಅಂಶವೂ ಉಂಟು. ಸುಣ್ಣದ ಅಂಶ ಕಡಿಮೆಯಾದರೆ ಕಾಯಿ ಜೊಳ್ಳಾಗುತ್ತದೆ. ಬೆಳೆಯುವ ಕಾಯಿ ಅದನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುವುದರಿಂದ ಕಾಯಿ ಕಟ್ಟುವ ಜಾಗದಲ್ಲಿಯೇ ಅದು ಸಿಗಬೇಕು.

ಆದ್ದರಿಂದ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕವನ್ನು ಸೂಪರ್ ಫಾಸ್ಫೇಟ್ ರೂಪದಲ್ಲಿ ಬಿತ್ತನೆಗೆ ಕೊಡಿ. ಹೂ ಬಿಡುವ ಕಾಲಕ್ಕೆ, ಭೂಮಿಯಲ್ಲಿ ಹಸಿ ಇರುವಾಗ, ಎಕರೆಗೆ 200 ಕಿಲೋ ಜಿಪ್ಸಂ ಅನ್ನು ಸಾಲಿನ ಪಕ್ಕದಲ್ಲಿ ಹಾಕಿ, ಎಡೆ ಹೊಡೆದು ಮಣ್ಣು ಏರಿಸಿ. ಸೂಜಿಗಳು ಭೂಮಿಗಿಳಿದ ಮೇಲೆ ಮಣ್ಣು ಕದಲಿಸಬೇಡಿ.

ಮಳೆ ನಮ್ಮ ಕೈಯಲ್ಲಿಲ್ಲ. ಬಂದ ಮಳೆಯಲ್ಲಿ ಕಾಯಿ ತುಂಬಿಸುವ ಕೆಲಸ ಸ್ವಲ್ಪಮಟ್ಟಿಗಾದರೂ ನಮ್ಮ ಕೈಯಲ್ಲಿದೆ.